ಶ್ರದ್ಧಾಂಜಲಿ ಜಾಹೀರಾತಿನಲ್ಲಿ ಹಿಡಿಸದೆ ಹೋದದ್ದು

ಸಂಪಾದಕರಿಗೆ,

ಮಾನ್ಯರೇ,

ಹೋದ ತಿಂಗಳು ನಿಮ್ಮ ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ನಮ್ಮ ಮಾವನವರ ಫೋಟೊ ಬಂದಿತ್ತು. ಹೆಸರು, ಜನನ, ಮರಣ, ಹನ್ನೊಂದನೆಯ ದಿನದ ಕಾರ್ಯ ಎಲ್ಲಿ, ಎಷ್ಟು ಹೊತ್ತಿಗೆ, ಕೆಳಗೆ 'ದುಃಖತಪ್ತ ಕುಟುಂಬ ವರ್ಗ'. ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಕಟ್ಟಿ ಹಾಕಿಸುವ ಜಾಹೀರಾತಿನಲ್ಲಿ ಅಷ್ಟು ಹಿಡಿಸಿದ್ದೇ ಹೆಚ್ಚು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಿಡಿಸದೆ ಹೋದ ಸಂಗತಿಯನ್ನು ನಾಲ್ಕು ಜನ ಓದಿದರೆ ಕೆಲವು ಮನೆಗಳಿಗೆ ಉಪಯೋಗವಾದೀತು ಅನ್ನಿಸಿ ಈ ಕಾಗದ ಬರೆಯುತ್ತಿದ್ದೇನೆ. ಓದುಗರ ಪತ್ರಕ್ಕೆ ಇದು ಉದ್ದ, ಗೊತ್ತು.

ನಮ್ಮ ಮಾವನವರು ಮಾಡುತ್ತಿದ್ದ ಸೇವೆಗೆ ಬೋರ್ಡು ಇರಲಿಲ್ಲ, ರಸೀದಿ ಪುಸ್ತಕ ಇರಲಿಲ್ಲ. ಮತ್ತಿಕೆರೆಯಲ್ಲಿ ನಮ್ಮ ಸುತ್ತಮುತ್ತಲಿನ ಬೀದಿಗಳಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೇಳಿಕಳಿಸುತ್ತಿದ್ದುದು ಇವರಿಗೆ. ಹೋಗಿ ಸಮಾಧಾನ ಹೇಳುವವರಲ್ಲ, ಆ ಮಾತು ಅವರಿಗೆ ಬರುತ್ತಲೂ ಇರಲಿಲ್ಲ. ಡಾಕ್ಟರನ್ನು ಕರೆಸಿ ಸರ್ಟಿಫಿಕೇಟು ಬರೆಸುವುದು, ಮನೆಯವರು ಒಪ್ಪಿದರೆ ಕಣ್ಣಿನ ಬ್ಯಾಂಕಿಗೆ ಫೋನು ಹಚ್ಚುವುದು, ಹರಿಶ್ಚಂದ್ರ ಘಾಟಿನಲ್ಲೋ ಹೆಬ್ಬಾಳದ ಚಿತಾಗಾರದಲ್ಲೋ ಹೊತ್ತು ಗೊತ್ತುಮಾಡುವುದು, ವ್ಯಾನು ಕರೆಸುವುದು, ಎಲ್ಲ ಮುಗಿದ ಮೇಲೆ ಮರಣ ಪ್ರಮಾಣಪತ್ರ ಆ ಮನೆಯವರ ಕೈಸೇರುವ ತನಕ ಬೆನ್ನು ಬೀಳುವುದು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದನ್ನೇ ಮಾಡಿದರು. ಈ ಸಲದ ದೀಪಾವಳಿ ಕಳೆದ ಮೇಲೆ, ಎಂಬತ್ತನಾಲ್ಕರಲ್ಲಿ, ನಿದ್ದೆಯಲ್ಲೇ ಹೋದರು.

ಅವರದ್ದು ತುರುವೇಕೆರೆ ಕಡೆಯ ಹಳ್ಳಿ. ಒಡಹುಟ್ಟಿದವರಲ್ಲಿ ಹಿರಿಯರು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಮೀಸೆ ಮೂಡುವ ವಯಸ್ಸಿಗೇ ಮನೆ ಯಜಮಾನಿಕೆ ಹೆಗಲೇರಿತು. ಜಾಲಹಳ್ಳಿಯಲ್ಲಿ ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆದದ್ದು 1961ರಲ್ಲಿ. ಕೆಲವು ವರ್ಷ ಬಿಟ್ಟು ಇವರು ಅಲ್ಲಿಗೆ ಸೇರಿದರು, ಜೋಡಣೆ ವಿಭಾಗಕ್ಕೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಸಾಸಿವೆಗಿಂತ ಸಣ್ಣ ತಿರುಪು ಎತ್ತಿ ಕೂರಿಸುವ ಕೆಲಸ. ಸೊಸೆಯಾಗಿ ಬಂದ ಹೊಸತರಲ್ಲಿ ನನಗೆ ವಿಚಿತ್ರವೆನ್ನಿಸುತ್ತಿದ್ದುದು ಅವರ ಕೈ. ಆಳೇನೋ ಆಜಾನುಬಾಹು, ಕೊಬ್ಬರಿ ಸುಲಿದು ಬೆಳೆದವರು, ಆದರೆ ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೆ ಕೂತರೆ ಬೆರಳು ಅಕ್ಕಿಯನ್ನೇ ಮುಟ್ಟುತ್ತಿರಲಿಲ್ಲ, ಕಲ್ಲು ಮಾತ್ರ ಮೇಲೆ ಬರುತ್ತಿತ್ತು.

ಮತ್ತಿಕೆರೆಯ ಮನೆ ಮೊದಲು ಎರಡೇ ಕೋಣೆಯದ್ದು. ಅದರಲ್ಲಿ ಇವರ ತಮ್ಮಂದಿರು, ಆಮೇಲೆ ತಮ್ಮಂದಿರ ಮಕ್ಕಳು, ತಂಗಿಯ ಮಗ, ಹೀಗೆ ಓದುವುದಕ್ಕೆಂದು ತಿಪಟೂರಿನಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದವರೆಲ್ಲ ಇದ್ದು ಹೋಗಿದ್ದಾರೆ. ಅವರಲ್ಲಿ ಇಂಜಿನಿಯರಾದವರೂ ಇದ್ದಾರೆ, ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಈಗ ಪೀಣ್ಯದಲ್ಲಿ ಲೇತ್ ಮೆಷಿನ್ ಹಾಕಿಕೊಂಡವರೂ ಇದ್ದಾರೆ. ರಾತ್ರಿ ಎಂಟಕ್ಕೆ ಎಲೆ ಹಾಕಿದರೆ ಎಲ್ಲರೂ ಹಾಜರಿರಬೇಕು. ತಡವಾಗಿ ಬಂದವನಿಗೆ ಬೈಗುಳವಿಲ್ಲ, ಮುದ್ದೆ ಮಾತ್ರ ತಣ್ಣಗಿರುತ್ತಿತ್ತು. ಅತ್ತೆಯವರು ಒಲೆ ಹಚ್ಚಿ ಬಿಸಿ ಮಾಡಿಕೊಡಲು ಎದ್ದರೆ "ಕೂತ್ಕೋ, ಅವನಿಗೂ ಗೊತ್ತಾಗಲಿ" ಅನ್ನುತ್ತಿದ್ದರಂತೆ. ಯಾರನ್ನೂ ಎದುರಿಗೆ ಹೊಗಳಿದವರಲ್ಲ. ನನಗೆ ಅಂಚೆ ಇಲಾಖೆಯ ಪರೀಕ್ಷೆ ಪಾಸಾದಾಗ "ಸರಿ, ಬಸ್ ಪಾಸು ಮಾಡಿಸ್ಕೋ" ಅಂದರು, ಅಷ್ಟೇ.

ಅಂಚೆ ಎಂದೆನಲ್ಲ, ಇದೊಂದನ್ನು ಹೇಳಲೇಬೇಕು. ವರ್ಷ ವರ್ಷ ಗೌರಿ ಹಬ್ಬಕ್ಕೆ ಹದಿನೈದು ದಿನ ಇರುವಾಗ ಊರಿನಲ್ಲಿದ್ದ ತಂಗಿಯರಿಬ್ಬರಿಗೂ ಮನಿಯಾರ್ಡರ್ ಹೋಗಬೇಕು. ಬಾಗಿನದ ದುಡ್ಡು. ಫಾರಂ ಅನ್ನು ಬೇರೆಯವರ ಕೈಯಲ್ಲಿ ಬರೆಸುತ್ತಿರಲಿಲ್ಲ. ಕೂಪನ್ನಿನಲ್ಲಿ ಸಂದೇಶ ಬರೆಯಲು ಬಿಟ್ಟ ಚೂರು ಜಾಗದಲ್ಲಿ ಇರುವೆ ಸಾಲಿನ ಅಕ್ಷರದಲ್ಲಿ ಮನೆಯ ವರ್ತಮಾನವನ್ನೆಲ್ಲ ತುಂಬುತ್ತಿದ್ದರು: ಯಾರಿಗೆ ಜ್ವರ ಬಂದಿತ್ತು, ಯಾವ ಹುಡುಗ ಎಷ್ಟು ನಂಬರು ತೆಗೆದ, ತೋಟದ ಬೇಲಿ ಕಟ್ಟಿಸಿದಿರಾ. ದೊಡ್ಡ ತಂಗಿ ಆ ಕೂಪನ್ನುಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಕಾರ್ಯದ ದಿನ ತಂದು ತೋರಿಸಿದರು. ಹಳೆಯ ಮನಿಯಾರ್ಡರ್ ಹೋಗಿ ಕಂಪ್ಯೂಟರಿನಲ್ಲಿ ಕಳಿಸುವುದು ಬಂದ ಮೇಲೆ, ಸಿದ್ಧ ವಾಕ್ಯಗಳ ಪಟ್ಟಿಯಿಂದ ಒಂದು ಆರಿಸಿ ಎಂದು ನಾನೇ ಅವರಿಗೆ ಕೌಂಟರಿನಲ್ಲಿ ಹೇಳಬೇಕಾಯಿತು. ಪಟ್ಟಿಯನ್ನು ಪೂರ್ತಿ ಓದಿ, "ಇದರಲ್ಲಿ ಬೇಲಿ ವಿಚಾರ ಇಲ್ಲವಲ್ಲಮ್ಮ" ಎಂದು ಫಾರಂ ವಾಪಸು ತೆಗೆದುಕೊಂಡು, ಅವತ್ತೇ ಬಸ್ಸು ಹತ್ತಿ ತುರುವೇಕೆರೆಗೆ ಹೋಗಿ ಕೈಯಾರೆ ಕೊಟ್ಟುಬಂದರು.

ಸಾವಿನ ಮನೆಗೆ ಹೋಗುವ ಈ ಕೆಲಸ ಶುರುವಾದದ್ದು ಸ್ವಯಂ ನಿವೃತ್ತಿ ತಗೊಂಡ ಮೇಲೆ. ಇವರ ಜೊತೆ ಅದೇ ವಿಭಾಗದಲ್ಲಿದ್ದ ಒಬ್ಬರು ಮನೆಯಲ್ಲೇ ತೀರಿಕೊಂಡಿದ್ದರು. ನೆಂಟರು ಬಂದರು, ಸುಟ್ಟರು, ತಿಥಿ ಊಟ ಮಾಡಿ ಹೋದರು. ಸಾವನ್ನು ನೋಂದಾಯಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಎಷ್ಟೋ ದಿನದ ಮೇಲೆ ಆ ಹೆಂಗಸು ಬ್ಯಾಂಕಿಗೆ ಹೋದರೆ ಪ್ರಮಾಣಪತ್ರ ತನ್ನಿ ಅಂದರು, ಪಿಎಫ್‌ನವರೂ ಅದನ್ನೇ ಕೇಳಿದರು. ಪ್ರಮಾಣಪತ್ರ ಕೊಡುವ ಕಡೆ ಹೋದರೆ ವರ್ಷ ದಾಟಿದೆ, ಕೋರ್ಟಿನಿಂದ ಆದೇಶ ತನ್ನಿ ಎಂದರು. ಗಂಡ ಸತ್ತಿದ್ದಾನೆ ಎಂದು ಕೋರ್ಟಿನಲ್ಲಿ ನಿಂತು ಸಾಬೀತು ಮಾಡಬೇಕಾಗಿ ಬಂತಲ್ಲ ಎಂದು ಆಕೆ ನಮ್ಮ ಮನೆಯ ಜಗುಲಿಯ ಮೇಲೆ ಕೂತು ಅತ್ತದ್ದು ನನಗೆ ನೆನಪಿದೆ. ಮಾವನವರು ಅವತ್ತು ಏನೂ ಮಾತಾಡಲಿಲ್ಲ. ಮಾರನೆಯ ದಿನದಿಂದ ಆಕೆಯ ಜೊತೆ ಓಡಾಡಿದರು. ಆ ಓಡಾಟ ಮುಗಿಯುವ ಹೊತ್ತಿಗೆ ಯಾವ ಕಿಟಕಿಯಲ್ಲಿ ಏನು ಕೇಳುತ್ತಾರೆ ಎಂಬುದು ಪೂರಾ ಬಾಯಿಪಾಠವಾಗಿತ್ತು.

ಅವರ ಹತ್ತಿರ ಒಂದು ರೆಕ್ಸಿನ್ ಚೀಲವಿತ್ತು, ಕಾರ್ಖಾನೆಯ ಕಾಲದ್ದು, ಜಿಪ್ಪು ಹೋಗಿ ಸೇಫ್ಟಿ ಪಿನ್ನು ಹಾಕಿದ್ದು. ಒಂದು ರಟ್ಟಿನ ಪ್ಯಾಡು, ಅದಕ್ಕೆ ದಾರದಲ್ಲಿ ಕಟ್ಟಿದ ಬಾಲ್ ಪೆನ್ನು. ಹತ್ತಿಯ ಸುರುಳಿ. ಅಂಗೈಯಗಲದ ಬಿಳಿ ಬಟ್ಟೆಗಳು. ಹೆಬ್ಬೆಟ್ಟು ಒತ್ತಲು ಇಂಕಿನ ಪ್ಯಾಡು. ಖಾಲಿ ಫಾರಂಗಳ ಜೆರಾಕ್ಸ್. ಡಾಕ್ಟರು, ಕಣ್ಣಿನ ಬ್ಯಾಂಕು, ವ್ಯಾನು, ಫ್ರೀಜರ್ ಪೆಟ್ಟಿಗೆ, ಪುರೋಹಿತರು, ಹೂವಿನವನು, ಎಲ್ಲರ ನಂಬರೂ ದಪ್ಪಕ್ಷರದಲ್ಲಿ ಬರೆದ ಒಂದು ರಟ್ಟು. ಜೊತೆಗೆ ಒಂದು ಸ್ಟೀಲ್ ಲೋಟ. ಲೋಟ ಯಾಕೆ ಎಂದು ಕೇಳಿದ್ದೆ. ಸತ್ತವರ ಮನೆಯಲ್ಲಿ ಲೋಟ ಹುಡುಕಿ ನೀರು ಕೊಡಿ ಎನ್ನುವುದು ಯಾರ ಹತ್ತಿರ, ಅಂದರು.

ನಾನು ಒಮ್ಮೆ ಅವರ ಜೊತೆ ಹೋಗಿದ್ದೆ, ಹಿಂದಿನ ಬೀದಿಯ ಒಂದು ಮನೆಗೆ. ಅಲ್ಲಿ ಹೆಂಗಸರು ಬಿಟ್ಟರೆ ಯಾರೂ ಇಲ್ಲ, ನೀನು ಬಾ ಎಂದರು. ನಸುಕಿನ ನಾಲ್ಕು ಗಂಟೆ. ಯಜಮಾನರು ಮಂಚದ ಮೇಲೆ ಹೋಗಿಬಿಟ್ಟಿದ್ದಾರೆ, ಮಗ ಅಮೆರಿಕದಲ್ಲಿ, ಮಗಳು ಹುಬ್ಬಳ್ಳಿಯಿಂದ ಹೊರಟಿದ್ದಾಳೆ. ಮಾವನವರು ಒಳಗೆ ಕಾಲಿಟ್ಟವರೇ ಮಾಡಿದ ಮೊದಲ ಕೆಲಸ ಫ್ಯಾನು ಆರಿಸಿದ್ದು. ಎರಡನೆಯದು, ತೀರಿಕೊಂಡವರ ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಟ್ಟದ್ದು, ತಲೆ ಕೆಳಗೆ ಇನ್ನೊಂದು ದಿಂಬು ಕೊಟ್ಟದ್ದು. ಆಮೇಲೆ ಆಕೆಯ ಎದುರಿಗೆ ನೆಲದ ಮೇಲೆ ಕೂತು ಕೇಳಿದರು: "ತಾಯಿ, ಯಜಮಾನರು ಕಣ್ಣಿನ ವಿಚಾರ ಯಾವತ್ತಾದರೂ ಮಾತಾಡಿದ್ದರಾ? ಆಗಲ್ಲ ಅಂದರೆ ಆಗಲ್ಲ ಅನ್ನಿ, ನಾನು ಇನ್ನೊಂದು ಸಲ ಕೇಳೋದಿಲ್ಲ." ಆಕೆ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ "ಅವರು ಪೇಪರಿನಲ್ಲಿ ಓದಿ ಹೇಳ್ತಿದ್ರು" ಅಂದರು. "ಏನಂತ?" "ಒಳ್ಳೇದು ಅಂತ." ಅಷ್ಟಕ್ಕೇ ಇವರು ಫೋನು ಎತ್ತಲಿಲ್ಲ. ಮಗನಿಗೆ ಕರೆಮಾಡಿಸಿ ಅವನ ಬಾಯಿಂದಲೂ ಹೂಂ ಅನ್ನಿಸಿದರು. ನಾಳೆ ಅಣ್ಣ ತಂಗಿಯ ನಡುವೆ ಮಾತು ಬರಬಾರದು ಎಂಬುದು ಅವರ ಲೆಕ್ಕ.

ಕಣ್ಣಿನ ಬ್ಯಾಂಕಿನವರು ಬಂದು ಹೋಗಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಮನೆಯವರ ಸಹಿ, ಇಬ್ಬರು ಸಾಕ್ಷಿಗಳ ಸಹಿ, ಒಂದಿಷ್ಟು ರಕ್ತದ ಮಾದರಿ. ಅವರಿಗೆ ಬೇಕಾದದ್ದು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ, ಕಾರ್ನಿಯಾ. ಸಾವಾದ ಆರು ಗಂಟೆಯೊಳಗೆ ತೆಗೆಯಬೇಕು. ಫ್ಯಾನು ಆರಿಸುವುದು, ಒದ್ದೆ ಹತ್ತಿ ಇಡುವುದು ಅದು ಒಣಗದಿರಲಿ ಎಂದು. ದಿಂಬು ಕೊಡುವುದು ಆಮೇಲೆ ರಕ್ತ ಜಿನುಗದಿರಲಿ ಎಂದು. ಎಸಿ ಇದ್ದರೆ ಹಾಕಬಹುದು. ಮುಖ ಕೆಡುವುದಿಲ್ಲ, ದುಡ್ಡು ಕೊಡುವುದೂ ಇಲ್ಲ ತೆಗೆದುಕೊಳ್ಳುವುದೂ ಇಲ್ಲ, ಯಾರಿಗೆ ಹಾಕಿದರು ಎಂದು ಹೇಳುವುದೂ ಇಲ್ಲ. ಕನ್ನಡಕ ಇದ್ದವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಕೊಡಬಹುದು, ವಯಸ್ಸು ಎಷ್ಟಾದರೂ ಇರಲಿ. ರೇಬೀಸ್, ಎಚ್‌ಐವಿ, ಹೆಪಟೈಟಿಸ್, ರಕ್ತದ ಕ್ಯಾನ್ಸರಿನಂಥ ಕೆಲವು ಕಾಯಿಲೆಗಳಲ್ಲಿ ಮಾತ್ರ ಬೇಡ ಅನ್ನುತ್ತಾರೆ. ಇದನ್ನೆಲ್ಲ ನಾನು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ, ಕೊನೆಗೆ ಹೇಳುತ್ತೇನೆ.

ಅವರಿಗೆ ಕಣ್ಣಿನ ಮೇಲೆ ಇಷ್ಟು ಆಸ್ಥೆ ಯಾಕೆ ಎಂಬುದಕ್ಕೆ ನನ್ನದೇ ಒಂದು ಊಹೆಯಿದೆ. ಎಚ್‌ಎಂಟಿಯವರು ಅಂಧರಿಗಾಗಿ ಬ್ರೈಲ್ ಗಡಿಯಾರ ಮಾಡುತ್ತಿದ್ದರು. ಗಾಜು ಮುಚ್ಚಳದ ಹಾಗೆ ತೆರೆಯುತ್ತದೆ, ಒಳಗೆ ಉಬ್ಬಿದ ಚುಕ್ಕೆಗಳು, ಮುಳ್ಳನ್ನು ಬೆರಳಲ್ಲಿ ಮುಟ್ಟಿ ಗಂಟೆ ತಿಳಿಯಬೇಕು. ಇವರು ಒಂದು ಕೊಂಡು ಮನೆಯಲ್ಲಿ ಇಟ್ಟಿದ್ದರು. ನಮ್ಮ ಹುಡುಗರು ಚಿಕ್ಕವರಿದ್ದಾಗ ಕಣ್ಣು ಕಟ್ಟಿ "ಟೈಮು ಹೇಳು" ಎಂದು ಆಡಿಸುತ್ತಿದ್ದರು. ಸರಿಯಾಗಿ ಹೇಳಿದವರಿಗೆ ಕೊಬ್ಬರಿ ಮಿಠಾಯಿ. ಅವರನ್ನು ಕೇಳಿದರೆ ಈ ಊಹೆಯನ್ನು ಒಪ್ಪುತ್ತಿದ್ದರೋ ಇಲ್ಲವೋ. ಕೇಳಿದವರಿಗೆಲ್ಲ "ಕಷ್ಟ ಏನಿದೆ ಅದರಲ್ಲಿ" ಎನ್ನುವುದೊಂದೇ ಅವರ ಉತ್ತರ.

ಒಪ್ಪದ ಮನೆಗಳೇ ಹೆಚ್ಚು. ಕಣ್ಣಿಲ್ಲದೆ ಕಳಿಸಿದರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಎನ್ನುವವರು ಈಗಲೂ ಇದ್ದಾರೆ. ಅವರ ಜೊತೆ ಇವರು ವಾದಕ್ಕೆ ಇಳಿಯುತ್ತಿರಲಿಲ್ಲ. ಸರಿ ಎಂದು ಎದ್ದು ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು. ಕಣ್ಣು ಕೊಟ್ಟ ಮನೆಗೂ ಕೊಡದ ಮನೆಗೂ ಓಡಾಟದಲ್ಲಿ ವ್ಯತ್ಯಾಸ ಮಾಡಿದವರಲ್ಲ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಅವರ ಎರಡು ಕಾರ್ನಿಯಾ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟವು, ಪಟಲವನ್ನು ಪದರವಾಗಿ ಬಿಡಿಸಿ ಹಾಕುವ ವಿದ್ಯೆಯಿಂದ. ಆಮೇಲೆ ರಾಜ್ಯದ ತುಂಬ ಹೆಸರು ಬರೆಸುವವರ ಸಾಲು. ನಮ್ಮ ಬೀದಿಯ ಹುಡುಗರೂ ಕಾರ್ಡು ತಂದು ತೋರಿಸಿದರು. ಮಾವನವರು ಕಾರ್ಡನ್ನು ತಿರುಗಿಸಿ ನೋಡಿ, "ನಿಮ್ಮಮ್ಮನಿಗೆ ಹೇಳಿದ್ದೀಯೇನಪ್ಪ?" ಎಂದರು. ಇಲ್ಲ ಎಂದ. "ಫೋನು ಮಾಡಬೇಕಾದವರು ಅವರು, ನೀನಲ್ಲ." ಕಾರ್ಡು ಇದ್ದರೂ ಮನೆಯವರ ಒಪ್ಪಿಗೆ ಬೇಕು, ಕಾರ್ಡು ಇಲ್ಲದಿದ್ದರೂ ಮನೆಯವರು ಒಪ್ಪಿದರೆ ಸಾಕು. ಈ ಮಾತನ್ನು ಅವರು ನೂರು ಸಲ ಹೇಳಿದ್ದಾರೆ.

ಇಷ್ಟು ಹೊತ್ತೂ ನಾನು ಮಾವನವರ ವಿಚಾರವನ್ನೇ ಬರೆದೆ. ಅತ್ತೆಯವರದ್ದು ಯಾರ ಬಾಯಲ್ಲೂ ಬರುವುದಿಲ್ಲ, ಆದ್ದರಿಂದ ಇಲ್ಲಿ ಬರಲಿ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಫ್ಲಾಸ್ಕಿನಲ್ಲಿ ಕಾಫಿ, ಮಕ್ಕಳಿಗೆ ಹಾಲು, ವಯಸ್ಸಾದವರಿಗೆ ಗಂಜಿ, ದೂರದಿಂದ ಬಂದವರಿಗೆ ಅವಲಕ್ಕಿ, ಇದೆಲ್ಲ ನಮ್ಮ ಅಡುಗೆಮನೆಯಿಂದ ಹೋಗುತ್ತಿತ್ತು. ಇವರು ಎಷ್ಟು ಹೊತ್ತಿಗೇ ವಾಪಸು ಬರಲಿ, ಹಿತ್ತಲ ಬಾಗಿಲಲ್ಲಿ ಬಂದು ಬಚ್ಚಲಿನಲ್ಲಿ ಸ್ನಾನ ಮಾಡಿ, ಬಟ್ಟೆ ನೆನೆಸಿಟ್ಟು ಒಳಗೆ ಬರಬೇಕು. ಹಂಡೆಯಲ್ಲಿ ಬಿಸಿನೀರು, ಬಾಗಿಲ ಮೇಲೆ ಒಗೆದ ಪಂಚೆ ಸಿದ್ಧ ಇರುತ್ತಿತ್ತು. ಮಂಡಿನೋವು ಬಂದ ಮೇಲೂ ಅತ್ತೆಯವರು ಅದನ್ನು ನನಗೆ ಬಿಟ್ಟುಕೊಡಲಿಲ್ಲ. ಹಾಗೆಂದು ಸಂತೋಷವಾಗಿ ಮಾಡುತ್ತಿದ್ದರು ಎಂದರೆ ಸುಳ್ಳು. ನನ್ನ ಮಗಳ ನಾಮಕರಣದ ದಿನ, ತೊಟ್ಟಿಲು ಕಟ್ಟಿ ಹೆಸರು ಕೂಗುವುದಕ್ಕೆ ತಾತ ಬರಬೇಕು ಎನ್ನುವ ಹೊತ್ತಿಗೆ ಫೋನು ಬಂತು, ಇವರು ಹೋದರು. ಅತ್ತೆಯವರು ತಿಂಗಳು ಕಳೆದರೂ ಗಂಡನ ಜೊತೆ ನೇರ ಮಾತಾಡಲಿಲ್ಲ. "ನಿಮ್ಮ ತಾತನಿಗೆ ಊಟಕ್ಕೆ ಬರಕ್ಕೆ ಹೇಳು" ಎಂದು ಹಸುಗೂಸಿನ ಹತ್ತಿರ ಹೇಳುತ್ತಿದ್ದರು. ಅವರ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಊರಿಗೆ ಉಪಕಾರಿಯಾದ ಗಂಡಸಿನ ಹಿಂದೆ ಮನೆಯಲ್ಲಿ ಒಬ್ಬರ ಲೆಕ್ಕ ಯಾವಾಗಲೂ ಬಾಕಿ ಇರುತ್ತದೆ. ಅತ್ತೆಯವರು ಹೋಗಿ ಆರು ವರ್ಷವಾಯಿತು. ಅವರ ಕಣ್ಣುಗಳನ್ನೂ ಕೊಟ್ಟೆವು, ಹೇಳಿದ್ದು ಅವರೇ: "ನಿಮ್ಮ ಮಾವ ಕೇಳೋ ಮುಂಚೆ ನೀನೇ ಫೋನ್ ಮಾಡಿಬಿಡು."

ಇನ್ನು ಪ್ರಮಾಣಪತ್ರದ ವಿಚಾರ. ಇದು ನನಗೂ ಗೊತ್ತಿರುವ ಕ್ಷೇತ್ರ, ಏಕೆಂದರೆ ನಾನು ಕೌಂಟರಿನ ಆ ಕಡೆ ಕೂರುವವಳು. ಗಂಡನ ಉಳಿತಾಯ ಖಾತೆಯ ದುಡ್ಡು ಕೇಳಿಕೊಂಡು ಬರುವ ಹೆಂಗಸರನ್ನು ದಿನಾ ನೋಡುತ್ತೇನೆ. ಆಧಾರಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಒಂದು, ಮರಣ ಪ್ರಮಾಣಪತ್ರದಲ್ಲಿ ಮತ್ತೊಂದು. ನಮ್ಮ ಕಡೆಯ ಇನಿಷಿಯಲ್ಲುಗಳ ಕಥೆ ನಿಮಗೆ ಗೊತ್ತೇ ಇದೆ. ಊರಿನ ಹೆಸರು, ಅಪ್ಪನ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಒಂದೇ ಅಕ್ಷರ. ಹೆಂಗಸರದ್ದು ಇನ್ನೂ ಗೋಜಲು. ಮನೆಯಲ್ಲಿ ಪುಟ್ಟಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ಖಾತೆಯಲ್ಲಿ ಲಕ್ಷ್ಮೀದೇವಮ್ಮ. ಚಿತಾಗಾರದ ಕಿಟಕಿಯಲ್ಲಿ ಯಾರೋ ನೆಂಟ ಅವಸರದಲ್ಲಿ ಹೇಳಿದ ಹೆಸರೇ ಮುಂದೆ ಎಲ್ಲ ಕಡೆ ನಿಲ್ಲುತ್ತದೆ. ತಿದ್ದಿಸುವುದಕ್ಕೆ ಚಪ್ಪಲಿ ಸವೆಸಬೇಕು. ಅದಕ್ಕೇ ಮಾವನವರು ಹೆಣ ಎತ್ತುವ ಮೊದಲೇ "ಆಧಾರ್ ಕಾರ್ಡು, ಪಾಸ್‌ಬುಕ್ಕು ಎರಡೂ ತಂದು ಮುಂದಿಡಿ" ಎನ್ನುತ್ತಿದ್ದರು. ಅಳುವವರ ನಡುವೆ ಇದೇನು ಇವರದ್ದು ಎಂದು ಎಷ್ಟೋ ಜನ ಮುಖ ಸಿಂಡರಿಸಿದ್ದನ್ನು ನಾನೇ ನೋಡಿದ್ದೇನೆ. ಅವೇ ಜನ ಮೂರು ತಿಂಗಳ ಮೇಲೆ ಹಣ್ಣು ಹಿಡಿದುಕೊಂಡು ಮನೆಗೆ ಬರುತ್ತಿದ್ದರು. ಹಣ್ಣು ಒಳಗೆ ತಗೊಳ್ಳುತ್ತಿರಲಿಲ್ಲ. ಬೀದಿಯ ಮಕ್ಕಳಿಗೆ ಹಂಚಿಸುತ್ತಿದ್ದರು, ಬಂದವರ ಕೈಯಿಂದಲೇ.

ಜನನ ಮರಣ ನೋಂದಣಿ ಕಾಯ್ದೆ 1969ರಷ್ಟು ಹಳೆಯದು. ಸಾವಾದ 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. 30 ದಿನದವರೆಗೆ ತಡದ ಶುಲ್ಕ. ಅದು ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಆಸ್ಪತ್ರೆಯಲ್ಲಿ ಸತ್ತರೆ ತಿಳಿಸುವ ಹೊಣೆ ಆಸ್ಪತ್ರೆಯದು. ಮನೆಯಲ್ಲಿ ಸತ್ತರೆ ಮನೆಯ ಯಜಮಾನರದು, ಅಂದರೆ ಮನೆಯಲ್ಲಿ ಉಳಿದವರದು. ನೋಡಿದ ಡಾಕ್ಟರು ಸಾವಿನ ಕಾರಣ ಬರೆದುಕೊಡಬೇಕು, ಚಿತಾಗಾರದ ರಸೀದಿಯನ್ನು ಎಸೆಯದೆ ಇಟ್ಟುಕೊಳ್ಳಬೇಕು. ಎಷ್ಟು ಜನ ಆ ರಸೀದಿಯನ್ನು ಅಸ್ಥಿಯ ಕುಡಿಕೆಯ ಜೊತೆ ಪಶ್ಚಿಮವಾಹಿನಿಗೆ ಒಯ್ದು ಅಂಗಿಯ ಜೇಬಿನಲ್ಲೇ ನೆನೆಸಿ ಹಾಳುಮಾಡಿಕೊಂಡಿದ್ದಾರೋ! ಮಾವನವರು ರಸೀದಿಯನ್ನು ಈಸಿಕೊಂಡು ಪ್ಯಾಡಿಗೆ ಸಿಕ್ಕಿಸುತ್ತಿದ್ದರು. ಮೂರು ಜೆರಾಕ್ಸ್ ಮಾಡಿಸಿ ಮೂಲ ಕಾಗದ ವಾಪಸು ಕೊಡುತ್ತಿದ್ದುದು ಹನ್ನೊಂದರ ಕಾರ್ಯ ಮುಗಿದ ಮೇಲೆ.

2021ರ ಏಪ್ರಿಲ್, ಮೇ ತಿಂಗಳನ್ನು ಬೆಂಗಳೂರಿನವರಿಗೆ ನಾನು ನೆನಪಿಸಬೇಕಾಗಿಲ್ಲ. ಸುಮನಹಳ್ಳಿಯ ಮುಂದೆ ಆಂಬುಲೆನ್ಸುಗಳ ಸಾಲು, ಗಿಡ್ಡೇನಹಳ್ಳಿ, ತಾವರೆಕೆರೆಯಲ್ಲಿ ಬಯಲಿನಲ್ಲೇ ಚಿತೆ. ಎಂಬತ್ತು ದಾಟಿದ ಇವರನ್ನು ಮಕ್ಕಳು ಹೊರಗೆ ಬಿಡಲಿಲ್ಲ. ಗೇಟಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಗಂಡ ಜೇಬಿನಲ್ಲಿ ಇಟ್ಟುಕೊಂಡರು. ಅವರು ಟೆರೇಸಿನ ಮೇಲೆ ಕುರ್ಚಿ ಹಾಕಿಕೊಂಡು, ಆ ರಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಳಿಗ್ಗೆಯಿಂದ ರಾತ್ರಿಯವರೆಗೂ ಫೋನು. ಎಲ್ಲಿ ಜಾಗ ಇದೆ, ಎಲ್ಲಿ ಎಷ್ಟು ಹೊತ್ತು, ಆಂಬುಲೆನ್ಸಿನವರು ಎಷ್ಟು ಕೇಳುತ್ತಿದ್ದಾರೆ. ಒಬ್ಬ ಆಂಬುಲೆನ್ಸಿನವನ ಹತ್ತಿರ ರೇಟಿಗೆ ಜಗಳವಾಡಿದ್ದು ಇಡೀ ಬೀದಿಗೆ ಕೇಳಿಸಿತ್ತು. ಅವತ್ತೊಂದೇ ದಿನ ನಾನು ಅವರ ಬಾಯಲ್ಲಿ ಕೆಟ್ಟ ಮಾತು ಕೇಳಿದ್ದು.

ಅವರೇ ಹೋದ ದಿನ ಏನೂ ಹುಡುಕಬೇಕಾಗಲಿಲ್ಲ. ಬೀರುವಿನಲ್ಲಿ ಒಂದು ಲಕೋಟೆ. ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ, ನಾಮಿನಿ ಯಾರು ಎಂಬ ಚೀಟಿ, ಹೂವಿಗೆ ಜಾಸ್ತಿ ಖರ್ಚು ಮಾಡಬೇಡಿ ಎಂಬ ಒಂದು ಸಾಲು. ಊರಿನಿಂದ ಬಂದ ಹಿರಿಯರೊಬ್ಬರು ಕಣ್ಣಿನ ವಿಚಾರಕ್ಕೆ ಆಕ್ಷೇಪ ಎತ್ತಿದರು. ಮಾವನವರ ದೊಡ್ಡ ತಂಗಿ ಫೋನಿನಲ್ಲೇ "ಅಣ್ಣ ಹೇಳಿದ್ದನ್ನ ಮಾಡ್ರಿ" ಎಂದರು, ಅಲ್ಲಿಗೆ ಮುಗಿಯಿತು. ನಾಮಕರಣದ ದಿನ ತಾತನಿಲ್ಲದೆ ಹೆಸರಿಡಿಸಿಕೊಂಡ ನನ್ನ ಮಗಳೇ ಕಣ್ಣಿನ ಬ್ಯಾಂಕಿಗೆ ಫೋನು ಮಾಡಿದಳು, ಫ್ಯಾನು ಆರಿಸಿದಳು, ಹತ್ತಿ ಒದ್ದೆ ಮಾಡಿ ಇಟ್ಟಳು. ಸಾಕ್ಷಿ ಸಹಿಗೆ ಎಷ್ಟು ಜನ ಮುಂದೆ ಬಂದರೆಂದರೆ ಬಂದ ತಂಡದವರು ಇಬ್ಬರು ಸಾಕು ಎಂದು ಕೂಗಬೇಕಾಯಿತು.

ಎರಡು ದಿನ ಬಿಟ್ಟು ಸರ್ಕಲ್ಲಿನಲ್ಲಿ ಅವರ ದೊಡ್ಡ ಫ್ಲೆಕ್ಸು ಎದ್ದಿತ್ತು. 'ಸಮಾಜಸೇವಕರು' ಎಂದು ಕೆಂಪಕ್ಷರ, ಕೆಳಗೆ ಹಾಕಿಸಿದವರ ಮುಖಗಳು ಸತ್ತವರ ಮುಖಕ್ಕಿಂತ ದೊಡ್ಡವು. ನಗರದಲ್ಲಿ ಫ್ಲೆಕ್ಸು ಹಾಕಬಾರದೆಂಬುದು ಅವರಿಗೂ ಗೊತ್ತು. ಹುಡುಗರ ಪ್ರೀತಿ ದೊಡ್ಡದು, ಇಲ್ಲ ಎನ್ನುವುದಿಲ್ಲ. ನಾನೇ ಹೋಗಿ ಇಳಿಸಿ ಎಂದು ಕೇಳಿಕೊಂಡೆ, ಇಳಿಸಿದರು. ಇಳಿಸುವಾಗ ಅವರಿಗೆ ಒಂದು ಮಾತು ಹೇಳಿದೆ: ಇಷ್ಟು ದುಡ್ಡು ಹಾಕಿದ್ದೀರಲ್ಲ, ನಿಮ್ಮಲ್ಲಿ ಯಾರಾದರೂ ಇಬ್ಬರು ಆ ನಂಬರಿನ ರಟ್ಟು ತಗೊಂಡು ಹೋಗಿ. ಒಬ್ಬ ಬಂದ. ಆಟೊ ಓಡಿಸುವ ಹುಡುಗ, ಅವನ ಅಪ್ಪನ ಸಾವಿನಲ್ಲಿ ಮಾವನವರು ಹೋಗಿದ್ದರು. ಎರಡು ಮನೆಗೆ ಈಗಾಗಲೇ ಹೋಗಿಬಂದಿದ್ದಾನೆ. ಫಾರಂ ತುಂಬುವಾಗ ಇಂಗ್ಲಿಷಿನ ಸ್ಪೆಲ್ಲಿಂಗಿಗೆ ಹೆದರುತ್ತಾನೆ, ಫೋಟೊ ತೆಗೆದು ನನಗೆ ವಾಟ್ಸಾಪಿನಲ್ಲಿ ಕಳಿಸುತ್ತಾನೆ, ನಾನು ಊಟದ ಹೊತ್ತಿನಲ್ಲಿ ನೋಡಿ ಹೇಳುತ್ತೇನೆ. ಒಬ್ಬನಿಂದ ಆಗುವ ಕೆಲಸವಲ್ಲ ಇದು. ಆ ಹುಡುಗನ ಹೆಂಡತಿಯೂ ಹಂಡೆಯಲ್ಲಿ ನೀರು ಕಾಯಿಸಿಕೊಂಡು ಕೂರಬೇಕಾಗುತ್ತದೆ. ಅದಕ್ಕೇ ಪ್ರತಿ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಸರದಿಯ ಮೇಲೆ ನಾಲ್ಕೈದು ಜನ ಈ ಕೆಲಸಕ್ಕೆ ಹೆಸರು ಕೊಡಬೇಕು ಎಂಬುದು ನನ್ನ ಒಂದು ಕೋರಿಕೆ. ಗಣೇಶನ ಚಂದಾಕ್ಕೆ, ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಸಮಿತಿ ಮಾಡುತ್ತೀರಿ, ಇದಕ್ಕೂ ಒಂದು ಮಾಡಿ.

ಇನ್ನೊಂದು ಕೋರಿಕೆ ತಮ್ಮಲ್ಲಿ. ಶ್ರದ್ಧಾಂಜಲಿ ಪುಟವನ್ನು ನಮ್ಮಂಥವರು ದಿನಾ ಮೊದಲು ತಿರುಗಿಸುತ್ತೇವೆ, ವಯಸ್ಸಾದವರಂತೂ ಮುಖಪುಟಕ್ಕಿಂತ ಮುಂಚೆ. ಆ ಪುಟದ ಬುಡದಲ್ಲಿ ಮೂರು ಬೆರಳಗಲದ ಒಂದು ಚೌಕ ಹಾಕಿ: ಸಾವಾದ ಕೂಡಲೇ ಫ್ಯಾನು ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಡಮಾಡದೆ ಕಣ್ಣಿನ ಬ್ಯಾಂಕಿಗೆ ತಿಳಿಸಿ, ಅವರು ಆರು ಗಂಟೆಯೊಳಗೆ ತೆಗೆಯಬೇಕು. ಹೆಸರು ಆಧಾರಿನಲ್ಲಿ, ಪಾಸ್‌ಬುಕ್ಕಿನಲ್ಲಿ ಇರುವಂತೆಯೇ ಬರೆಸಿ. ಚಿತಾಗಾರದ ರಸೀದಿ ಜೋಪಾನ. 21 ದಿನದೊಳಗೆ ನೋಂದಣಿ. ಜೊತೆಗೆ ಆಯಾ ಜಿಲ್ಲೆಯ ಕಣ್ಣಿನ ಬ್ಯಾಂಕಿನ ಫೋನ್ ನಂಬರು, ನಿಮ್ಮ ವರದಿಗಾರರು ವಿಚಾರಿಸಿ ಖಚಿತ ಮಾಡಿಕೊಂಡದ್ದು. ಜಾಹೀರಾತು ವಿಭಾಗದವರು ಆ ಜಾಗಕ್ಕೆ ದುಡ್ಡು ಬರುವುದಿಲ್ಲ ಎಂದರೆ ತಿಂಗಳಿಗೆ ಒಂದು ಸಲದ್ದನ್ನು ನಮ್ಮ ಮನೆಯವರು ಕಟ್ಟುತ್ತೇವೆ. ತಮ್ಮಂದಿರ ಮಕ್ಕಳೆಲ್ಲ ಕೂತು ಮಾತಾಡಿ ಒಪ್ಪಿದ್ದಾರೆ, ಪೀಣ್ಯದ ಲೇತಿನವನು ಮೊದಲ ಆರು ತಿಂಗಳದ್ದು ತನ್ನದು ಎಂದಿದ್ದಾನೆ.

ಈ ಕಾಗದ ಪೂರ್ತಿ ಹಾಕಲು ಜಾಗ ಸಾಲದಿದ್ದರೆ ದಯವಿಟ್ಟು ಮಾವನವರ ಬಗ್ಗೆ ಬರೆದದ್ದನ್ನು ಕತ್ತರಿಸಿ, ಹತ್ತಿ, ರಸೀದಿ, 21 ದಿನದ ಭಾಗವನ್ನು ಉಳಿಸಿಕೊಳ್ಳಿ.

ಇಂತಿ,
ನಿಮ್ಮ ಓದುಗಿ, ಅಂಚೆ ಇಲಾಖೆಯ ನೌಕರಳು
ಮತ್ತಿಕೆರೆ, ಬೆಂಗಳೂರು